ಮೈಕಿಲ್ಲದ ಕೊರಳು

ಅಫಜಲಪುರದ ಪೇಟಿ ಮಾಸ್ತರ ಗುಡುಸಾಬರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ, ಮೈಕೊಂದು ಕಣ್ಣಿಗೆ ಬಿದ್ದರೆ ಸಾಕಿತ್ತು. ಊರೂರಿಗೆ ಹೋಗಿ ಹಾರ್ಮೋನಿಯಂ ನುಡಿಸಿ ನಾಟಕದ ಹಾಡು ಕಲಿಸುವುದು ಅವರ ಕಸುಬು. ತಬಲಾ ಹೊತ್ತು ಅವರ ಬೆನ್ನು ಹತ್ತಿದ್ದು ನನ್ನ ಕರ್ಮ. ಬೈಗುಳವಿಲ್ಲದೆ ಒಂದು ತಾಲೀಮು ಮುಗಿದದ್ದು ನನಗೆ ನೆನಪಿಲ್ಲ.

"ಈಗಿನ ಹುಡುಗ್ಯಾರು ಹಾಡ್ತಾರಂತ! ಮೈಕ್ ಬಾಯಾಗ ಇಟ್ಕೊಂಡು ಗುಸುಗುಸು ಅಂತಾರ. ನಮ್ಮ ಹೀರಾಬಾಯಿ ಹಾಡಾಕತ್ರ ತಂಬಿನ ಹೊರಗ ಚಾ ಮಾರಾವ ಸುದ್ದಾ ಕಣ್ಣೀರು ಒರಸ್ತಿದ್ದ."

ಹೀರಾಬಾಯಿ ಎಂದರೆ ಹಿಂದೆ ಅವರಿದ್ದ ನಾಟಕ ಕಂಪನಿಯ ನಾಯಕಿ. ಆ ಹೆಸರು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಎಂಬತ್ತಾರನೇ ಇಸವಿಯಲ್ಲಿ ನೆಲೋಗಿ ಊರಿನವರು ಸುಗ್ಗಿ ಮುಗಿಸಿ ನಾಟಕ ಇಟ್ಟುಕೊಂಡರು. ನಾಯಕಿಯ ಪಾತ್ರಕ್ಕೆ ಜೇವರ್ಗಿಯಿಂದ ದ್ರೌಪದಿ ಎಂಬ ಹುಡುಗಿ ಬಂದಳು. ದನಿ ಸಣ್ಣದು, ಆದರೆ ಸುರ ತಪ್ಪುತ್ತಿರಲಿಲ್ಲ. ಮೈಕಿಲ್ಲದೆ ಕೇಳಿಸಬೇಕೆಂದು ಗುಡುಸಾಬರು ಪೇಟಿಯ ಸುರ ಏರಿಸಿದ್ದೇ ಏರಿಸಿದ್ದು. ಹುಡುಗಿಯ ಗಂಟಲು ಕಟ್ಟಿತು.

"ಮಾಸ್ತರ, ಸ್ವಲ್ಪ ಇಳಿಸ್ರಿ. ನಂಗ ಆಗಾಂಗಿಲ್ರಿ," ಎಂದು ಅತ್ತೇಬಿಟ್ಟಳು.

"ಹೀರಾಬಾಯಿ ಒಮ್ಮಿನೂ ಹಂಗ ಅಂದಿಲ್ಲ."

ನನಗೆ ರೇಗಿತು. "ಹಂಗಾದ್ರ ಆ ನಿಮ್ಮ ಹೀರಾಬಾಯೀನ ಕರಕೊಂಡು ಬರ್ರಿ. ನಾವೂ ಒಮ್ಮಿ ಕೇಳ್ತೇವಿ!" ಎಂದೆ.

ಆಸಾಮಿ ನಿಜಕ್ಕೂ ಆಕೆ ಇದ್ದ ಆಳಂದಕ್ಕೆ ಹೋಗಿ ಕರೆತಂದರು. ನಾಟಕಕ್ಕೆ ಮುಂಚಿನ ನಾಂದಿ ಪದವನ್ನು ಹೀರಾಬಾಯಿ ಮೈಕಿಲ್ಲದೆ ಹಾಡಬೇಕು. ಆ ದನಿ ಕಟ್ಟಕಡೆಗೆ ಕೂತ ಜನರಿಗೂ ಮುಟ್ಟಿದರೆ ದ್ರೌಪದಿಯೂ ಅದೇ ಸುರದಲ್ಲಿ ಹಾಡತಕ್ಕದ್ದು. ಇದು ಗುಡುಸಾಬರ ಪಂತ. ಇಷ್ಟು ವರ್ಷ ಬಡಾಯಿ ಕೊಚ್ಚಿದ ಮನುಷ್ಯನ ಮಾನವೆಲ್ಲ ಆ ಒಂದು ಪದದ ಮೇಲೆ ನಿಂತಿತ್ತು.

ನಾಟಕದ ರಾತ್ರಿ ಪರದೆಯ ಹಿಂದೆ ನಿಂತು ಹೀರಾಬಾಯಿ ಪದ ಎತ್ತಿದರು. ಮೊದಲ ಸಾಲಿಗೇ ನನ್ನ ಮೈ ಜುಮ್ಮೆಂದಿತು. ಸುಳ್ಳೇಕೆ ಹೇಳಲಿ, ಅಂಥ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎರಡನೆಯ ಸಾಲಿನಲ್ಲಿ ಮೇಲಕ್ಕೇರುವಾಗ ಮಾತ್ರ ಅದು ಒಡೆಯಿತು, ಬರೀ ಗಾಳಿ ಹೊರಬಂತು. "ಏ, ಮೈಕ್ ಹಚ್ರಲೇ!" ಎಂದು ಹಿಂದಿನವರು ಸಿಳ್ಳೆ ಹಾಕಿದರು.

ಗುಡುಸಾಬರು ಅದೇ ಸುರವನ್ನು ಒತ್ತಿ ಹಿಡಿದುಕೊಂಡು, "ಇನ್ನೊಮ್ಮಿ ಎತ್ರಿ ಹೀರಾಬಾಯಿ, ಬರ್ತದ," ಎಂದು ಅಂಗಲಾಚಿದರು.

"ಬರಾಂಗಿಲ್ರಿ ಮಾಸ್ತರ. ಇದ ಸುರದಾಗ ಹಾಡಿ ಹಾಡಿ ನನ್ನ ಗಂಟಲದಾಗ ರಕ್ತ ಬಂದಿತ್ತು. ಕಂಪನಿ ಬಿಟ್ಟಿದ್ದು ಅದಕ್ಕ. ಯಾಕ ಬಿಟ್ಟಿ ಅಂತ ನೀವು ಒಂದ ದಿನಾನರ ಕೇಳಿದ್ರೇನು?"

ಲಗ್ನವಾಗಿ ಕಂಪನಿ ಬಿಟ್ಟರು ಎಂದೇ ಗುಡುಸಾಬರು ನಮಗೆಲ್ಲ ಹೇಳಿಕೊಂಡು ಬಂದಿದ್ದರು. ಹೀರಾಬಾಯಿ ದ್ರೌಪದಿಯನ್ನು ಕೈಹಿಡಿದು ಮೈಕಿನ ಮುಂದೆ ನಿಲ್ಲಿಸಿ, "ನಿನಗ ಒಗ್ಗೂ ಸುರದಾಗ ಹಾಡವ್ವ," ಎಂದರು.

ನನಗೆ ಆ ಇಬ್ಬರ ಮೇಲೂ ಸಿಟ್ಟು ಉಕ್ಕಿತು. ಈಕೆ ಅಂದೇ ಹೇಳಬಾರದಿತ್ತೆ? ಈತ ಕೇಳಬಾರದಿತ್ತೆ? ಅಂಥ ದನಿ ಸುಮ್ಮನೆ ಮಣ್ಣುಪಾಲಾಯಿತಲ್ಲ!

ದ್ರೌಪದಿ ಹಾಡಿದಳು. ಜನ ವನ್ಸ್ ಮೋರ್ ಕೂಗಿದರು. ಇಳಿಸಿದ ಸುರದಲ್ಲಿ ಗುಡುಸಾಬರು ಎರಡು ಸಲವೂ ತಲೆ ತಗ್ಗಿಸಿಯೇ ನುಡಿಸಿದರು. ಪಕ್ಕದಲ್ಲೇ ನಿಂತಿದ್ದ ಹೀರಾಬಾಯಿಯ ಮುಖ ನೋಡುವ ಧೈರ್ಯ ಅವರಿಗೆ ಬರಲಿಲ್ಲ.