ಶೈಲಾಗೆ ಹುಬ್ಬಳ್ಳಿ ಮಾತು ಬರುವುದಿಲ್ಲವಂತೆ!

ಹುಟ್ಟಿದ್ದು ಹುಬ್ಬಳ್ಳಿ. ಓದಿದ್ದು ಧಾರವಾಡ. ಈಗಿರುವುದು ಹುಬ್ಬಳ್ಳಿಯದೇ ಉಣಕಲ್‌ನಲ್ಲಿ, ನಮ್ಮ ಎದುರು ಮನೆಯಲ್ಲಿ. ಅಂಥ ಶೈಲಾಗೆ ಬೆಂಗಳೂರಿನಿಂದ ಒಬ್ಬ ಪುಣ್ಯಾತ್ಮ ಫೋನ್ ಮಾಡಿ, ‘ನಿಮ್ಮ ಹುಬ್ಬಳ್ಳಿ ಕನ್ನಡ ಸರಿಯಿಲ್ಲ ಮೇಡಂ’ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಶೈಲಾ ಯಾರು ಅಂತೀರಾ? ಏಳನೇ ವಯಸ್ಸಿಗೆ ಸಿನಿಮಾದಲ್ಲಿ ನಾಯಕನ ತಂಗಿಯಾಗಿ ಅತ್ತವಳು. ಆಮೇಲೆ ಎರಡು ಧಾರಾವಾಹಿಗಳಲ್ಲೂ ಅತ್ತಳು. (ತೆರೆಯ ಮೇಲೆ ಮಕ್ಕಳು ಅಳದಿದ್ದರೆ ನಮಗೂ ಊಟ ಸೇರುವುದಿಲ್ಲವಲ್ಲ!) ಹದಿಮೂರಕ್ಕೆ ಎತ್ತರವಾದಳು, ನಟಿಸಲು ಕರೆಯುವುದು ನಿಂತಿತು. ಈಗ ಮೂವತ್ತೆರಡು, ಪ್ರೈಮರಿ ಶಾಲೆಯಲ್ಲಿ ಟೀಚರ್.

ಇಂದಿಗೂ ಮದುವೆಮನೆಗಳಲ್ಲಿ ‘ಆ ಸಿನಿಮಾ ಡೈಲಾಗ್ ಒಮ್ಮೆ ಹೇಳವಾ’ ಎಂದು ಹಿಡಿದು ನಿಲ್ಲಿಸುತ್ತಾರೆ. ಆದರೆ ಸಿನಿಮಾದಲ್ಲಿರುವುದು ಇವಳ ಧ್ವನಿಯೇ ಅಲ್ಲ! ಮಾತಿನಲ್ಲಿ ಹುಬ್ಬಳ್ಳಿ ಜಾಸ್ತಿಯಾಯಿತೆಂದು ಆಗ ಬೇರೆ ಹುಡುಗಿಯಿಂದ ಡಬ್ ಮಾಡಿಸಿದ್ದರು; ಧಾರಾವಾಹಿಗಳಲ್ಲೂ ಅದೇ ಕಥೆ. ತೆರೆಯ ಮೇಲೆ ಒಮ್ಮೆಯಾದರೂ ತನ್ನ ಸ್ವಂತ ದನಿ ಕೇಳಬೇಕು ಎಂಬುದೊಂದೇ ಇವಳ ಆಸೆ.

ಕಳೆದ ತಿಂಗಳು ಆ ಅವಕಾಶ ಬಂತು. ವೆಬ್ ಸೀರೀಸ್‌ನಲ್ಲಿ ಪಾತ್ರ, ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಹೆಂಗಸು. ಇನ್ನೇನು ಬೇಕು? ಆಡಿಷನ್ ವಿಡಿಯೊ ನಮ್ಮ ಹಾಲ್‌ನಲ್ಲೇ ಶೂಟ್ ಆಯಿತು. ಮೊಬೈಲ್ ಹಿಡಿದವಳು ನಾನು.

ಅಂಗಡಿಗೆ ಅಡ್ಡ ನಿಂತ ಮುದುಕನನ್ನು ಬೈಯುವ ಸೀನ್. ಸೀರೀಸ್‌ನವರು ಬರೆದು ಕಳಿಸಿದ್ದು: ‘ಲೇ ಮುದುಕಾ, ಸರಿಯಲೇ ಆ ಕಡೆ!’

ಶೈಲಾ ಹಣೆ ಚಚ್ಚಿಕೊಂಡಳು. ‘ಅಕ್ಕಾ, ಅಪ್ಪನ ವಯಸ್ಸಿನವ್ರಿಗೆ ಹಿಂಗ ಯಾರ್ ಅಂತಾರ್ರಿ? ಅಂದ್ರ ಗಿರಾಕಿ ಮತ್ತ ಬರ್ತಾರೇನು?’

ಖರೇ. ನಮ್ಮಲ್ಲಿ ಜಗಳಕ್ಕೂ ಒಂದು ಮರ್ಯಾದೆ ಇದೆ. ಮಾನ ಹರಾಜು ಹಾಕುವುದಿದ್ದರೂ ‘ಕಾಕಾ’ ಎಂದೇ ಶುರು ಮಾಡುತ್ತೇವೆ. ಅವಳೂ ಹಾಗೆಯೇ ಮಾಡಿದಳು: ‘ಕಾಕಾ, ಸರೀರಿ ಅಂತ ಎಷ್ಟ ಸಲ ಹೇಳ್ಬೇಕ್ರಿ? ಕಿವ್ಯಾಗ ಹತ್ತಿ ಇಟ್ಕೊಂಡೀರೇನು?’ ಆ ಖಾರಕ್ಕೆ ಮೊಬೈಲ್ ಹಿಡಿದ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಮೊನ್ನೆ ಸಂಜೆ ಆ ಪುಣ್ಯಾತ್ಮನ ಫೋನ್ ಬಂದಾಗ ಅವಳು ನಮ್ಮಲ್ಲೇ ಇದ್ದಳು. ಖುಷಿಯಿಂದ ಸ್ಪೀಕರ್ ಹಾಕಿದಳು.

‘ಆ್ಯಕ್ಟಿಂಗ್ ಸೂಪರ್ ಮೇಡಂ. ಆದ್ರೆ ನಿಮ್ಮ ಹುಬ್ಬಳ್ಳಿ ಕನ್ನಡ ಸರಿಯಿಲ್ಲ, ಆ ಫೀಲ್ ಬರ್ಲಿಲ್ಲ. ತುಂಬಾ ಡೀಸೆಂಟ್ ಆಯ್ತು. ಆ ಕಡೆ ಜನ ರಫ್ ಅಲ್ವಾ?’

ಯಾವ ಕಡೆ ಸ್ವಾಮಿ? ನೀವು ಯಾವಾಗ ಬಂದು ನೋಡಿದ್ದೀರಿ? ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಾ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು. ‘ಸರ್, ಇನ್ನೊಂದ್ ಟೇಕ್ ಕೊಡ್ಲೇನ್ರಿ?’ ಎಂದಳು.

ಬೇಡವಂತೆ. ಪಾತ್ರ ಆಗಲೇ ಬೆಂಗಳೂರಿನ ಹುಡುಗಿಯೊಬ್ಬಳಿಗೆ ಹೋಗಿದೆಯಂತೆ. ಮೊಬೈಲ್‌ನಲ್ಲಿ ಕಾಮಿಡಿ ವಿಡಿಯೊ ನೋಡಿ ಹತ್ತೇ ದಿನದಲ್ಲಿ ಹುಬ್ಬಳ್ಳಿ ಕನ್ನಡ ಕಲಿತಳಂತೆ. ‘ಪಕ್ಕಾ ಲೋಕಲ್’ ಅಂತೆ! ಇಂಥ ಲೋಕಲ್‌ಗೆ ಬೆಂಕಿ ಹಾಕ.

ಶೈಲಾ ಫೋನ್ ಇಟ್ಟಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

‘ಹಂಗಾದ್ರ ನಾ ಯಾವೂರಾಕಿ ಅಕ್ಕಾ?’