ಕಾಗೆಗಳಿಗೆ ಗುರುತಿದ್ದ ಕೊಡೆ

ಮೊನ್ನೆ ಅಟ್ಟ ಗುಡಿಸುವಾಗ ಆ ಕೊಡೆ ಸಿಕ್ಕಿತು. ಬಿಚ್ಚಿದರೆ ಹಳೆಯ ಬಟ್ಟೆಯ ಮುಗ್ಗಲು ವಾಸನೆ, ಅಲ್ಲಲ್ಲಿ ಕೊಕ್ಕು ತಾಗಿ ಆದ ತೂತುಗಳು. ದೇರೆಬೈಲಿನ ನಮ್ಮ ಅಂಚೆಯಣ್ಣನ ಕೊಡೆ...

ಎಂಬತ್ತರ ದಶಕದ ಮಾತು. ನನ್ನ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದರು. ಕೊಲ್ಲಿಯಲ್ಲಿ ಹಡಗುಗಳ ಮೇಲೆ ಬಾಂಬು ಬೀಳುತ್ತಿದೆ ಎಂದು ರೇಡಿಯೋ ಹೇಳಿದಂದಿನಿಂದ ನಾನು ಒಂದು ವಾರ್ತೆಯನ್ನೂ ತಪ್ಪಿಸುತ್ತಿರಲಿಲ್ಲ. ಟಪಾಲಿನ ಹೊತ್ತಾದರೆ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಅಂಚೆಯಣ್ಣ ಬರುವುದನ್ನು ಕಾಗೆಗಳೇ ತಿಳಿಸುತ್ತಿದ್ದವು. ನಮ್ಮ ಗೇಟಿನ ಮಾವಿನ ಮರದಿಂದ ಬಿದ್ದ ಕಾಗೆಮರಿಯನ್ನು ಅವರು ಒಮ್ಮೆ ಎತ್ತಿ ಕೊಂಬೆಯ ಮೇಲೆ ಕೂರಿಸಿದ್ದರು. ಅದು ಉಪಕಾರವೆಂದು ಕಾಗೆಗಳಿಗೆ ತಿಳಿಸಿ ಹೇಳುವವರು ಯಾರು? ಅಂದಿನಿಂದ ಅವರನ್ನು ಕಂಡರೆ ಸಾಕು, ಕೇರಿಗೆಲ್ಲ ಕೇಳುವಂತೆ ಕೂಗಿ ತಲೆಗೆ ಎರಗುತ್ತಿದ್ದವು. ಬಿಸಿಲಿದ್ದರೂ ಅವರು ಕೊಡೆ ಬಿಚ್ಚಿಯೇ ಬರುತ್ತಿದ್ದರು.

"ನನ್ನ ಅಜ್ಜ ಟಪಾಲಿನ ಚೀಲ ಹೊತ್ತು ಓಡ್ತಿದ್ದವರು ಅಕ್ಕಾ," ಎಂದಿದ್ದರು ಒಮ್ಮೆ. "ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಅದರ ಸದ್ದಿಗೆ ಹುಲಿ ದೂರ ಹೋಗ್ಬೇಕು, ಊರಿನವರು ಹತ್ತಿರ ಬರ್ಬೇಕು. ನನಗೆ ಗೆಜ್ಜೆ ಇಲ್ಲ, ಕಾಗೆ ಉಂಟು." ಮರದ ಕಡೆ ನೋಡಿ, "ಒಂದೇ ಹೆದರಿಕೆ. ಸತ್ತ ಮೇಲೆ ನನ್ನ ಎಡೆಯ ಅನ್ನ ಇವು ಮುಟ್ತವಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಕೆಲವು ವಾರ ಕಾಗೆಗಳ ಕೂಗೂ ಇಲ್ಲ, ಕಾಗದವೂ ಇಲ್ಲ. ಬೇಡದ್ದೆಲ್ಲ ತಲೆಗೆ ಬರುತ್ತಿತ್ತು... ಒಂದು ಬೆಳಿಗ್ಗೆ ಮರದಲ್ಲಿ ಒಂದೇ ಸಮನೆ ಕೂಗಾಟ. ಓಡಿದೆ. ಅಂಚೆಯಣ್ಣ ನೀಲಿ ಕಾಗದವನ್ನು ಎತ್ತಿ ತೋರಿಸುತ್ತಲೇ ಬರುತ್ತಿದ್ದರು. ಗಂಡನ ಅಕ್ಷರ! ಗೇಟು ಹಿಡಿದು ಅತ್ತುಬಿಟ್ಟೆ.

"ಇಷ್ಟು ದಿನ ಎಲ್ಲಿಗೆ ಹೋಗಿದ್ರಿ ಅಣ್ಣಾ?"

"ಈ ಮರ ತಪ್ಪಿಸಿ ಹಿಂದಿನ ಓಣಿಯಿಂದ ಹೋಗ್ತಿದ್ದೆ. ಕಾಗೆ ಕೂಗಿದ ಕೂಡಲೇ ನೀವು ಓಡಿ ಬರ್ತೀರಿ. ಬರಿಗೈಯಲ್ಲಿ ನಿಮ್ಮ ಮುಖ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಕ್ಕಾ."

ನಿವೃತ್ತಿಯ ದಿನ ಕೊಡೆಯನ್ನು ನಮ್ಮ ಜಗುಲಿಯಲ್ಲೇ ಬಿಟ್ಟರು. "ಇನ್ನು ಎಂತಕ್ಕೆ ಇದು?" ಎಂದರು. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ಅವರ ಮನೆ ಹತ್ತಿರದಲ್ಲೇ ಇತ್ತು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮಳೆಗೆಂದು ಕೈಗೆ ಸಿಕ್ಕಿದ ಅದೇ ಕೊಡೆ ಹಿಡಿದು ಹೋದೆ. ಹನಿ ಬೀಳುತ್ತಿರುವಾಗಲೇ ಅಂಗಳದಲ್ಲಿ ಕಾಗೆಗಳಿಗೆ ಎಡೆ ಇಟ್ಟರು. ಅವು ತೆಂಗಿನ ಮರದಲ್ಲಿ ಕೂತು ಅರಚಿದವೇ ಹೊರತು ಒಂದೂ ಇಳಿಯಲಿಲ್ಲ. "ಎಂತ ಆಸೆ ಉಳಿಯಿತೋ ಇವರಿಗೆ," ಎಂದು ಅವರ ಹೆಂಡತಿ ಅಳತೊಡಗಿದರು. ಅವರು ಹೆದರಿದಂತೆಯೇ ಆಯಿತಲ್ಲ... ಆಗ ತಲೆಯೆತ್ತಿ ನೋಡಿದೆ. ನನ್ನ ಮೇಲೆ ಅದೇ ಕೊಡೆ! ಗಡಿಬಿಡಿಯಲ್ಲಿ ಮಡಚಿ, ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ. ಕಿಟಕಿಯ ಸರಳು ಹಿಡಿದು ನಿಂತೆ. ಅರಚಾಟ ಮೆಲ್ಲಗೆ ನಿಂತಿತು. ಒಂದು ಕಾಗೆ ಕೆಳಗಿಳಿದು, ತಲೆ ಓರೆ ಮಾಡಿ ನೋಡಿ, ಅನ್ನಕ್ಕೆ ಕೊಕ್ಕು ಹಾಕಿತು.

ಮಾವಿನ ಮರ ಇದ್ದಲ್ಲಿ ಈಗ ಪಕ್ಕದ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಮೊನ್ನೆ ಕೊಡೆ ಬಿಚ್ಚಿಕೊಂಡು ಗೇಟಿನ ತನಕ ಹೋದೆ. ತಂತಿಯ ಮೇಲೆ ಎರಡು ಕಾಗೆಗಳಿದ್ದವು. ಸುಮ್ಮನೆ ನೋಡಿದವು, ಕೂಗಲಿಲ್ಲ. ಆ ಕೊಡೆಯ ಗುರುತು ಈಗ ಉಳಿದಿರುವುದು ನನಗೊಬ್ಬಳಿಗೇ.