ತಂಗಿಯ ಬೇಲಿಯ ಶಂಖಪುಷ್ಪ

ತಂಗಿಯನ್ನು ಕೊಟ್ಟಿದ್ದು ಕುಶಾಲನಗರದ ಹತ್ತಿರ, ನನ್ನನ್ನು ಕೊಡಗಿನ ಇನ್ನೊಂದು ತುದಿಯ, ಜಡಿಮಳೆಯ ಕಕ್ಕಬೆಗೆ. ಇಲ್ಲಿ ಕಾಫಿ ತೋಟದ ನಡುವೆ ನಾನೂ ನನ್ನ ಗಂಡನೂ ಸಣ್ಣದೊಂದು ಹೋಂಸ್ಟೇ ನಡೆಸುತ್ತೇವೆ. ತಂಗಿಯ ಮನೆಯ ಬೇಲಿ ತುಂಬ ಶಂಖಪುಷ್ಪದ ಬಳ್ಳಿ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಅವರೆ, ಅಲಸಂದೆಯ ಜಾತಿಯ ಗಿಡವಲ್ಲವೇ, ಬೇಲಿ ಮೀರಿ ಹಬ್ಬಿದ್ದನ್ನು ಅವಳ ಅತ್ತೆ ಕೊಯ್ದು ಹಸುವಿಗೆ ಹಾಕುತ್ತಿದ್ದರು.

ಒಮ್ಮೆ ತಂಗಿ ಆ ಹೂವನ್ನು ಒಣಗಿಸಿ, ಡಬ್ಬಿಯಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಳು. ಅವತ್ತು ಮೈಸೂರಿನಿಂದ ಅತಿಥಿಗಳು ಬಂದಿದ್ದರು. ನಮ್ಮದೇ ತೋಟದ ಬೀಜ ಹುರಿದು ನಾನು ಕಾಫಿ ಮಾಡಿ ತಂದಿಟ್ಟೆ. ಅಷ್ಟರಲ್ಲಿ ಅವಳು ಗಾಜಿನ ಲೋಟದ ಬಿಸಿನೀರಿಗೆ ನಾಲ್ಕು ಹೂ ಹಾಕಿದಳು. ನೀರು ಕಡುನೀಲಿಯಾಯಿತು. ನಿಂಬೆಹಣ್ಣು ಹಿಂಡಿದಳು, ನೇರಳೆಯಾಯಿತು. ಎಲ್ಲರೂ ಎದ್ದು ಅವಳ ಸುತ್ತ ನಿಂತರು.

"ಇನ್ನೊಂದ್ಸಲ ಹಿಂಡಿ, ವಿಡಿಯೋ ಮಾಡ್ತೀವಿ!"

ನನ್ನ ಕಾಫಿಯ ಮೇಲೆ ಕೆನೆ ಕಟ್ಟಿತು. "ನಿನ್ನ ತಂಗಿ ಭಾರೀ ಚುರುಕು ಕಣೇ," ಎಂದರು ನನ್ನ ಗಂಡ. ಅವಳ ಲೋಟದಿಂದ ನಾನೂ ಒಂದು ಗುಟುಕು ಕುಡಿದು ನೋಡಿದೆ. ರುಚಿಯಿಲ್ಲ, ಪರಿಮಳವಿಲ್ಲ, ಸೊಪ್ಪು ಅದ್ದಿದ ನೀರಿನ ಹಾಗಿತ್ತು. ಆದರೂ ಹೊಟ್ಟೆಯೊಳಗೆ ಬೆಂಕಿ. ಚಿಕ್ಕಂದಿನಲ್ಲಿ ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಲಂಗ ಹೊಲಿಸುತ್ತಿದ್ದರು. ಬಂದವರೆಲ್ಲ ಚೆನ್ನಾಗಿದೆ ಅನ್ನುತ್ತಿದ್ದದ್ದು ಅವಳದ್ದನ್ನೇ.

ಆಮೇಲೆ ಬಂದ ಅತಿಥಿಗಳೂ ನೀಲಿ ಟೀ ಕೇಳತೊಡಗಿದರು. ಬಾಯಿಬಿಟ್ಟು ಅವಳ ಹತ್ತಿರವೇ ಬೀಜ ಕೇಳಬೇಕಾಯಿತು. ಹಿಡಿ ತುಂಬ ಕೊಟ್ಟಳು. ಮಳೆಗಾಲದ ಹೊಸ್ತಿಲಲ್ಲಿ ಅಂಗಳದ ಅಂಚಿಗೆ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಫೋನ್ ಮಾಡಿದೆ.

"ಹಳೇ ಬೀಜ ಕೊಟ್ಯಾ ನಂಗೆ?"

"ಇಲ್ಲಕ್ಕ, ಅದರ ಸಿಪ್ಪೆ ಗಟ್ಟಿ. ನೆನೆಹಾಕಿದ್ಯಾ?"

"ನಿನ್ನ ಬೇಲೀಲಿ ಯಾರು ನೆನೆಹಾಕಿದ್ರು?"

"ಇಲ್ಲಿ ತಾನಾಗೇ ಬರುತ್ತೆ."

ಅವಳ ಆ 'ತಾನಾಗೇ' ಎಂಬ ಮಾತು ವಾರಗಟ್ಟಲೆ ನನ್ನನ್ನು ಚುಚ್ಚಿತು. ಮಳೆ ನಿಂತ ಮೇಲೆ ಉಳಿದ ಬೀಜಗಳನ್ನು ಕಲ್ಲಿಗೆ ಉಜ್ಜಿದೆ, ರಾತ್ರಿಯಿಡೀ ನೆನೆಹಾಕಿದೆ. ನೀರಿನ ಟ್ಯಾಂಕಿನ ಪಕ್ಕ ಮರಳು ಬೆರೆಸಿದ ಮಣ್ಣನ್ನು ದಿಬ್ಬ ಮಾಡಿ ಊರಿದೆ. ಬಿಸಿಲು ಬೀಳಲೆಂದು ಸಿಲ್ವರ್ ಓಕ್‌ನ ಕೊಂಬೆ ಕಡಿಸಿದೆ. ಉಳಿದದ್ದು ಎರಡೇ ಬಳ್ಳಿ. ಹಬ್ಬಲು ತಂತಿ ಕಟ್ಟಿ, ಎದ್ದ ತಕ್ಷಣ ಹೋಗಿ ನೋಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಹೂ ಅರಳಿತ್ತು.

ಬಿಳಿ. ಅಚ್ಚ ಬಿಳಿ. ಇನ್ನೊಂದು ಬಳ್ಳಿಯದೂ ಬಿಳಿಯೇ.

"ನೀಲಿ ಎಲ್ಲಾ ನೀನಿಟ್ಕೊಂಡು ನಂಗೆ ಬಿಳಿ ಕೊಟ್ಟಿದೀಯ," ಎಂದೆ ಫೋನಿನಲ್ಲಿ.

"ಬೀಜದಲ್ಲಿ ಬಣ್ಣ ಕಾಣುತ್ತೇನಕ್ಕ?" ಎಂದವಳು ತಟ್ಟನೆ ದನಿ ಬದಲಿಸಿದಳು. "ನಿಜವಾಗ್ಲೂ ಬಿಳೀನಾ? ನಮ್ಮತ್ತೆ ಪೂಜೆಗೆ ಅಂತ ಎಷ್ಟು ವರ್ಷದಿಂದ ಹುಡುಕ್ತಿದಾರೆ. ನಮ್ಮ ಕಡೆ ಎಲ್ಲೂ ಸಿಗಲ್ಲ."

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ."

ಅವಳು ಇನ್ನೊಮ್ಮೆ ಹೇಳಿದಳು. ಸರಿಯಾಗಿಯೇ ಕೇಳಿಸಿತ್ತು, ಇನ್ನೊಮ್ಮೆ ಕೇಳಬೇಕೆನಿಸಿತ್ತು, ಅಷ್ಟೆ.

ಮುಂದಿನ ಭಾನುವಾರವೇ ಬಸ್ಸು ಬದಲಿಸಿ ಬದಲಿಸಿ ಬಂದಳು. ಬಳ್ಳಿಯ ಮುಂದೆ ಕೂತು, ಮುಟ್ಟಲೂ ಹೆದರಿದವಳ ಹಾಗೆ ನೋಡಿದಳು. ನಾನೇ ಹೂ ಬಿಡಿಸಿ ಬಾಳೆಲೆಯಲ್ಲಿ ಕಟ್ಟಿಕೊಟ್ಟೆ. ಬಟಾಣಿ ಕಾಯಿಯಂಥ ಚಪ್ಪಟೆ ಕಾಯಿಗಳು ಇನ್ನೂ ಹಸಿರಾಗಿದ್ದವು.

"ಬಲಿತ ಮೇಲೆ ಕೊಡ್ತೀನಿ, ಕಾಯಬೇಕು," ಎಂದೆ.

"ಕಾಯ್ತೀನಕ್ಕ," ಎಂದಳು.

ಆ ಕಾಯಿ ಕಂದಾಗುವವರೆಗೆ ನನ್ನಷ್ಟು ಸುಖಿ ಕಕ್ಕಬೆಯಲ್ಲೇ ಇರಲಿಲ್ಲ. ಒಣಗಿದ ಮೇಲೆ ಬೀಜ ಬಿಡಿಸಿ ಕಳಿಸಿಕೊಟ್ಟೆ.

ಮರುವರ್ಷದ ಮಳೆಗೆ ನನ್ನ ಎರಡು ಬಳ್ಳಿಗಳೂ ಬುಡ ಕೊಳೆತು ಹೋದವು. ಅದೇ ವಾರ ತಂಗಿ ಒಂದು ಫೋಟೋ ಕಳಿಸಿದಳು. ಬೇಲಿಯುದ್ದಕ್ಕೂ ನೀಲಿ, ಬಿಳಿ ಒಟ್ಟೊಟ್ಟಿಗೆ ಹೆಣೆದುಕೊಂಡಿವೆ. ನಡುವೆ ಅವಳ ಅತ್ತೆ ಹೂಬುಟ್ಟಿ ಹಿಡಿದು ನಗುತ್ತಿದ್ದಾರೆ. ಕೆಳಗೆ ಬರೆದಿದ್ದಳು: "ಬಿಳಿಯೆಲ್ಲಾ ನಿನ್ನ ಬೀಜದ್ದೇ ಅಕ್ಕ. ಬೇಕಾದ್ರೆ ಹೇಳು, ಎಷ್ಟು ಬೇಕಾದ್ರೂ ಕೊಡ್ತೀನಿ."

ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.